ಮುಖ್ಯ ರಸ್ತೆಯ ಪಕ್ಕದಲ್ಲಿ ಬದುಕುವವರಿಗೆ: ವಾಹನಗಳ ಸೂಕ್ಷ್ಮ ಕಣಗಳಿಂದ ರಕ್ಷಿಸಿಕೊಳ್ಳುವ ಕ್ರಮ

ಬೆಂಗಳೂರಿನ ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆ, ಹೊರ ವರ್ತುಲ ರಸ್ತೆಗಳಂತಹ ದೊಡ್ಡ ರಸ್ತೆಗಳ ಪಕ್ಕದಲ್ಲಿ ವಾಸಿಸುವವರು, ಅಲ್ಲಿಯೇ ಅಂಗಡಿ ನಡೆಸುವವರು ಮತ್ತು ದಿನವೂ ಆ ರಸ್ತೆಗಳಲ್ಲಿ ದ್ವಿಚಕ್ರ ವಾಹನದಲ್ಲಿ ಓಡಾಡುವವರಿಗಾಗಿ ಈ ಲೇಖನ. ವಾಹನ ಸಂಚಾರದಿಂದ ಹುಟ್ಟುವ ಸೂಕ್ಷ್ಮ ಕಣಗಳು ನಮ್ಮ ಶ್ವಾಸಕೋಶವನ್ನು ಸೇರುವುದನ್ನು ಪೂರ್ತಿಯಾಗಿ ತಡೆಯಲು ಒಬ್ಬ ವ್ಯಕ್ತಿಗಾಗಲಿ ಒಂದು ಕುಟುಂಬಕ್ಕಾಗಲಿ ಸಾಧ್ಯವಿಲ್ಲ. ಆದರೆ ಸರಿಯಾದ ಅನುಕ್ರಮದಲ್ಲಿ ಕೆಲಸ ಮಾಡಿದರೆ ಅದರ ಪ್ರಮಾಣವನ್ನು ಸಾಕಷ್ಟು ತಗ್ಗಿಸಿಕೊಳ್ಳಬಹುದು. ಮೊದಲು ದೂರ, ನಂತರ ಸಮಯ, ಆಮೇಲೆ ಮಾಸ್ಕ್, ಕೊನೆಗೆ ಯಂತ್ರ ಎಂಬುದೇ ಆ ಅನುಕ್ರಮ. ಹೆಚ್ಚಿನ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಏರ್ ಪ್ಯೂರಿಫೈಯರ್ ತಂದಿಟ್ಟು, ಸಂಜೆ ಏಳು ಗಂಟೆಗೆ ರಸ್ತೆ ಕಡೆಯ ಕಿಟಕಿಯನ್ನು ಹಾಗೆಯೇ ತೆರೆದಿಟ್ಟಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ರಸ್ತೆಯ ಗಾಳಿಯಲ್ಲಿರುವುದೇನು?

ವಾಹನ ಸಂಚಾರದ ಕಣಗಳಿಗೆ ಮೂರು ಮೂಲಗಳಿವೆ. ಮೊದಲನೆಯದು ಸೈಲೆನ್ಸರಿನಿಂದ ಹೊರಬೀಳುವ ಹೊಗೆ. ಇದರಲ್ಲಿ, ಅದರಲ್ಲೂ ಡೀಸೆಲ್ ಹೊಗೆಯಲ್ಲಿ, ಮಸಿಯ ಅತಿ ಸಣ್ಣ ಕಣಗಳಿರುತ್ತವೆ. ಎರಡನೆಯದು ಬ್ರೇಕ್ ಮತ್ತು ಟಯರುಗಳು ಸವೆದು ಬೀಳುವ ಪುಡಿ. ಮೂರನೆಯದು ರಸ್ತೆಯ ಅಂಚಿನಲ್ಲಿ ಬಿದ್ದಿರುವ ಮಣ್ಣು ಮತ್ತು ಸಿಮೆಂಟ್ ಧೂಳು. ಚಕ್ರಗಳು ಹಾದುಹೋದಂತೆಲ್ಲ ಇದು ಮತ್ತೆ ಮತ್ತೆ ಮೇಲೇಳುತ್ತದೆ. ಹತ್ತು ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳನ್ನು ಪಿಎಂ 10 ಎಂದೂ, ಎರಡೂವರೆ ಮೈಕ್ರೋಮೀಟರ್‌ಗಿಂತ ಚಿಕ್ಕವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್ ಇರುವುದರಿಂದ ಇವು ಎಷ್ಟು ಚಿಕ್ಕವೆಂಬುದನ್ನು ಊಹಿಸಬಹುದು. ರಸ್ತೆ ಧೂಳಿನ ಬಹುಪಾಲು ದಪ್ಪ ಕಣಗಳು ಮೂಗು ಮತ್ತು ಗಂಟಲಿನಲ್ಲೇ ನಿಲ್ಲುತ್ತವೆ. ಹೊಗೆಯ ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವುಗಳಲ್ಲಿ ತೀರ ಸಣ್ಣವು ರಕ್ತಕ್ಕೂ ಸೇರಬಲ್ಲವು. ಆದ್ದರಿಂದಲೇ ಇದರ ಪೆಟ್ಟು ಕೆಮ್ಮು ಮತ್ತು ಆಸ್ತಮಾಕ್ಕೆ ಸೀಮಿತವಲ್ಲ, ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣದ ವಾಯುಮಾಲಿನ್ಯವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಅಂಶಗಳ ಮೊದಲ ಗುಂಪಿಗೆ ಸೇರಿಸಿತು.

ಒಂದು ಹೆಜ್ಜೆ: ಮೊಬೈಲಿನ ಅಂಕಿಯನ್ನು ಸರಿಯಾಗಿ ಓದಿಕೊಳ್ಳಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ನಿಮ್ಮ ಮನೆಗೆ ಹತ್ತಿರದ ಮಾಪನ ಕೇಂದ್ರವನ್ನು ಹುಡುಕಿಕೊಳ್ಳಿ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್, ಬಿಟಿಎಂ ಬಡಾವಣೆ, ಹೆಬ್ಬಾಳ, ಪೀಣ್ಯ, ಜಯನಗರ 5ನೇ ಬ್ಲಾಕ್, ಬಾಪೂಜಿನಗರ ಮೊದಲಾದ ಕಡೆ ಇಂತಹ ಕೇಂದ್ರಗಳಿವೆ. ಅಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕವು ಹಲವು ಮಾಲಿನ್ಯಕಾರಕಗಳಲ್ಲಿ ಯಾವುದು ಅತಿ ಕೆಟ್ಟ ಸ್ಥಿತಿಯಲ್ಲಿದೆಯೋ ಅದರ ಮೇಲೆ ನಿಂತಿರುತ್ತದೆ. ಕಣಗಳ ಮಟ್ಟಿಗೆ ಅದು ಹಿಂದಿನ 24 ಗಂಟೆಗಳ ಸರಾಸರಿ. ಹೀಗಾಗಿ ಈಗ ಕಿಟಕಿ ತೆರೆಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಸೂಚ್ಯಂಕದಿಂದ ಉತ್ತರ ಸಿಗುವುದಿಲ್ಲ. ಆಯಾ ಗಂಟೆಯ ಪಿಎಂ 2.5 ಪ್ರಮಾಣ ಒಂದು ಘನ ಮೀಟರ್‌ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ ಎಂಬುದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಖಾಸಗಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಮಾಪಕವನ್ನು ಬಳಸುತ್ತವೆ. ಪಿಎಂ 2.5 ಪ್ರಮಾಣ 60 ಮೈಕ್ರೋಗ್ರಾಂ ಇದ್ದರೆ ಭಾರತದ ಮಾಪಕದಲ್ಲಿ ಸೂಚ್ಯಂಕ 100 ಆಗಿ ‘ತೃಪ್ತಿಕರ’ ಎಂದು ತೋರುತ್ತದೆ. ಅದೇ ಗಾಳಿಗೆ ಅಮೆರಿಕದ ಮಾಪಕ 150ಕ್ಕಿಂತ ಹೆಚ್ಚು ಅಂಕ ಕೊಟ್ಟು ಅನಾರೋಗ್ಯಕರವೆಂದು ಕೆಂಪು ಬಣ್ಣ ತೋರಿಸುತ್ತದೆ. ಎರಡು ಆ್ಯಪ್‌ಗಳ ಅಂಕಿ ತಾಳೆಯಾಗದಿದ್ದಾಗ ಯಾವುದೋ ಒಂದು ಸುಳ್ಳು ಹೇಳುತ್ತಿದೆ ಎಂದು ಎರಡನ್ನೂ ಕೈಬಿಡುವವರಿದ್ದಾರೆ. ಮೈಕ್ರೋಗ್ರಾಂ ಲೆಕ್ಕ ಹಿಡಿದರೆ ಈ ಗೊಂದಲ ಉಳಿಯುವುದಿಲ್ಲ. ಭಾರತದ 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5ರ ಮಿತಿ ದಿನಕ್ಕೆ ಸರಾಸರಿ 60, ವರ್ಷಕ್ಕೆ ಸರಾಸರಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇವೇ ಸಂಖ್ಯೆಗಳು ಕ್ರಮವಾಗಿ 15 ಮತ್ತು 5. ನಮ್ಮ ಮಾನದಂಡ ‘ತೃಪ್ತಿಕರ’ ಎಂದ ಗಾಳಿಯೂ ಆಸ್ತಮಾ ಇರುವ ಮಗುವಿಗೆ ತೃಪ್ತಿಕರವಲ್ಲ ಎಂದೇ ನಾನು ಭಾವಿಸುತ್ತೇನೆ.

ಎರಡನೆಯ ಹೆಜ್ಜೆ: ನಿಮ್ಮ ಕಿಟಕಿಯನ್ನೇ ಪರೀಕ್ಷಿಸಿ

ಮಾಪನ ಕೇಂದ್ರ ಎರಡು ಕಿಲೋಮೀಟರ್ ಆಚೆಗಿದ್ದರೆ ಅದು ನಿಮ್ಮ ಬಡಾವಣೆಯ ಸಾಮಾನ್ಯ ಸ್ಥಿತಿಯನ್ನು ಹೇಳೀತೇ ಹೊರತು ನಿಮ್ಮ ರಸ್ತೆಯ ಅಂಚನ್ನಲ್ಲ. ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ರಸ್ತೆ ಕಡೆಯ ಕಿಟಕಿಯ ಸೊಳ್ಳೆ ಜಾಲರಿ ಮತ್ತು ಅದರ ಕೆಳಗಿನ ಕಲ್ಲಿನ ಅಂಚನ್ನು ಚೆನ್ನಾಗಿ ತೊಳೆದು ಒಣಗಿಸಿ, ಮನೆಯ ಹಿಂಬದಿಯ ಒಂದು ಕಿಟಕಿಯನ್ನೂ ಹಾಗೆಯೇ ತೊಳೆದು, ಮಳೆಯಿಲ್ಲದ ಒಂದು ವಾರ ಎರಡನ್ನೂ ಮುಟ್ಟದೆ ಬಿಡಿ. ನಂತರ ಹಳೆಯ ಬಿಳಿ ಪಂಚೆಯ ತುಂಡನ್ನು ಒದ್ದೆ ಮಾಡಿ ಎರಡು ಕಡೆಯೂ ಒಂದೊಂದು ಸಲ ಒರೆಸಿ ನೋಡಿ. ಬಟ್ಟೆಗೆ ಹತ್ತಿದ್ದು ಕಂದು ಬಣ್ಣದಲ್ಲಿದ್ದು, ನೀರಿಗೆ ಹಿಡಿದ ಕೂಡಲೇ ಬಿಟ್ಟುಹೋದರೆ ಅದು ಹೆಚ್ಚಾಗಿ ಮಣ್ಣಿನ ಧೂಳು. ಕಪ್ಪಗಿದ್ದು, ಬೆರಳಿಗೆ ಜಿಡ್ಡಿನಂತೆ ಅಂಟಿ, ಸೋಪು ಹಾಕಿದರೂ ಬೂದುಬಣ್ಣದ ಕಲೆ ಉಳಿಸಿದರೆ ಅದರಲ್ಲಿ ಹೊಗೆಯ ಮಸಿ ಮತ್ತು ಟಯರಿನ ಪುಡಿಯ ಪಾಲು ಹೆಚ್ಚಿದೆ ಎಂದು ತಿಳಿಯಬಹುದು. ಬಸ್ಸು, ಲಾರಿಗಳು ಬ್ರೇಕ್ ಹಾಕಿ ಮತ್ತೆ ಹೊರಡುವ ಸಿಗ್ನಲ್, ಹಂಪ್ ಅಥವಾ ಮೇಲ್ಸೇತುವೆಯ ಏರು ಇರುವ ಕಡೆ ಈ ಕಪ್ಪು ಹೆಚ್ಚು. ಇದು ಪ್ರಯೋಗಾಲಯದ ಅಳತೆಯಲ್ಲ. ಆದರೂ ಮಲಗುವ ಕೋಣೆ ಯಾವ ಬದಿಗೆ ಇರಬೇಕೆಂದು ತೀರ್ಮಾನಿಸಲು ಇಷ್ಟು ಸಾಕು.

ಕೈಯಲ್ಲಿ ಹಿಡಿಯುವ ಮಾಪಕ ಕೊಳ್ಳುವವರು ಅದರ ಮಿತಿಯನ್ನು ತಿಳಿದಿರಬೇಕು. ಅದರೊಳಗಿನ ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ಎಣಿಸಿ ಅಂಕಿ ಕೊಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಕಣಗಳು ನೀರು ಹೀರಿ ಊದಿಕೊಳ್ಳುವುದರಿಂದ ಅಂಕಿ ನಿಜಕ್ಕಿಂತ ಜಾಸ್ತಿ ಬರುತ್ತದೆ. ಇನ್ನೂ ಮುಖ್ಯವಾಗಿ, ಸುಮಾರು 0.3 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳು ಅದಕ್ಕೆ ಕಾಣುವುದೇ ಇಲ್ಲ, ಮತ್ತು ಎಂಜಿನ್ನಿನಿಂದ ತಾಜಾ ಹೊರಬಿದ್ದ ಹೊಗೆಯ ಕಣಗಳಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವು. ಬಸ್ಸಿನ ಹಿಂದೆ ನಿಂತಾಗಲೂ ಮಾಪಕ ಸುಮ್ಮನಿದೆಯೆಂದು ಧೈರ್ಯ ತಂದುಕೊಳ್ಳಬೇಡಿ.

ಮೂರನೆಯ ಹೆಜ್ಜೆ: ದೂರ ಸರಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ. ಹೊಗೆಯ ಅತಿಸೂಕ್ಷ್ಮ ಕಣಗಳು ಮತ್ತು ಮಸಿಯ ಪ್ರಮಾಣ ದೊಡ್ಡ ರಸ್ತೆಯ ಅಂಚಿನಲ್ಲಿ ಅತಿ ಹೆಚ್ಚಿದ್ದು, ಮೊದಲ ನೂರು–ನೂರೈವತ್ತು ಮೀಟರಿನಲ್ಲೇ ಕಡಿದಾಗಿ ಇಳಿಯುತ್ತದೆ. ಮುನ್ನೂರರಿಂದ ಐನೂರು ಮೀಟರ್ ದಾಟುವಷ್ಟರಲ್ಲಿ ಆ ರಸ್ತೆಯ ಪ್ರಭಾವ ನಗರದ ಸಾಮಾನ್ಯ ಗಾಳಿಯಲ್ಲಿ ಕರಗಿಹೋಗುತ್ತದೆ. ಪಿಎಂ 2.5ರ ಒಟ್ಟು ತೂಕ ಇಷ್ಟು ಕಡಿದಾಗಿ ಇಳಿಯುವುದಿಲ್ಲ, ಏಕೆಂದರೆ ಅದರಲ್ಲಿ ದೂರದಿಂದ ಬಂದ ಕಣಗಳೂ ಸೇರಿರುತ್ತವೆ. ಹಾಗಿದ್ದರೂ ಮುಖ್ಯ ರಸ್ತೆ ಬಿಟ್ಟು ಒಳಗಿನ ಎರಡನೆಯ ಅಡ್ಡರಸ್ತೆ ಹಿಡಿದು ನಡೆದರೆ ನೀವು ತಪ್ಪಿಸಿಕೊಳ್ಳುವುದು ಹೆಚ್ಚು ವಿಷಕಾರಿಯಾದ ತಾಜಾ ಹೊಗೆಯನ್ನೇ.

ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವ ದಾರಿಯನ್ನು ಒಂದು ಭಾನುವಾರ ಕೂತು ಮತ್ತೆ ಯೋಚಿಸಿ. ಐದು ನಿಮಿಷ ಹೆಚ್ಚು ಹಿಡಿದರೂ ಒಳರಸ್ತೆಯೇ ಮೇಲು. ಅನಿವಾರ್ಯವಾಗಿ ಮುಖ್ಯ ರಸ್ತೆಯಲ್ಲೇ ನಡೆಯಬೇಕಾದರೆ ಪಾದಚಾರಿ ಮಾರ್ಗದ ಒಳ ಅಂಚಿನಲ್ಲಿ, ಅಂಗಡಿಗಳ ಕಡೆಗೆ ಮಗುವನ್ನು ಇರಿಸಿಕೊಳ್ಳಿ. ಪುಟ್ಟ ಮಗುವಿನ ಮೂಗು ಹೆಚ್ಚುಕಡಿಮೆ ಸೈಲೆನ್ಸರಿನ ಮಟ್ಟಕ್ಕೇ ಹತ್ತಿರವಿರುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಬಸ್ ನಿಲ್ದಾಣದಲ್ಲಿ ಬಸ್ಸಿನ ಹಿಂಭಾಗ ಬಂದು ನಿಲ್ಲುವ ಜಾಗದಿಂದ ಹತ್ತು ಹೆಜ್ಜೆ ಸರಿದು ನಿಲ್ಲುವುದೂ ಲಾಭವೇ. ದ್ವಿಚಕ್ರ ವಾಹನ ಸವಾರರು ಸಿಗ್ನಲ್‌ನಲ್ಲಿ ಲಾರಿ ಅಥವಾ ಹಳೆಯ ಟೆಂಪೋದ ಹಿಂದೆಯೇ ನುಗ್ಗಿ ನಿಲ್ಲುವ ಬದಲು ಸುರಕ್ಷಿತವಾಗಿ ಸಾಧ್ಯವಾದಾಗ ಅದರ ಪಕ್ಕದ ಸಾಲಿಗೆ ಸರಿಯಬೇಕು, ಇಲ್ಲವೇ ಒಂದು ವಾಹನದಷ್ಟು ಅಂತರ ಬಿಡಬೇಕು. ಜಿಮ್ ಇರಲಿ, ಓಟವಿರಲಿ, ಬ್ಯಾಡ್ಮಿಂಟನ್ ಅಂಗಳವಿರಲಿ, ಜೋರಾಗಿ ಉಸಿರಾಡುವ ಕೆಲಸವೆಲ್ಲ ರಸ್ತೆಯಿಂದ ದೂರದಲ್ಲೇ ನಡೆಯಬೇಕು, ಏಕೆಂದರೆ ವ್ಯಾಯಾಮದ ವೇಳೆ ನಾವು ಒಳಗೆಳೆದುಕೊಳ್ಳುವ ಗಾಳಿ ಹಲವು ಪಟ್ಟು ಹೆಚ್ಚುತ್ತದೆ.

ಹೊಸದಾಗಿ ಬಾಡಿಗೆ ಮನೆ ಹುಡುಕುತ್ತಿರುವವರು ನೀರು, ಪಾರ್ಕಿಂಗ್ ಕೇಳುವಂತೆಯೇ ಮಲಗುವ ಕೋಣೆಯ ಕಿಟಕಿ ಎತ್ತ ಮುಖ ಮಾಡಿದೆ ಎಂಬುದನ್ನೂ ನೋಡಬೇಕು. ಎತ್ತರದ ಮಹಡಿಯಲ್ಲಿ ಹೊಗೆಯ ಅತಿಸೂಕ್ಷ್ಮ ಕಣಗಳು ಕಡಿಮೆಯಾಗುವುದು ನಿಜ, ಆದರೆ ಪಿಎಂ 2.5ರ ಮಟ್ಟಿಗೆ ಆ ಲಾಭ ಸಣ್ಣದು.

ನಾಲ್ಕನೆಯ ಹೆಜ್ಜೆ: ಕಿಟಕಿ ತೆರೆಯುವ ವೇಳೆಯನ್ನು ಬದಲಿಸಿ

ಬೆಳಗಿನ ತಂಪು ಗಾಳಿ ಶುದ್ಧವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಚಳಿಯ ತಿಂಗಳುಗಳಲ್ಲಿ ದೊಡ್ಡ ರಸ್ತೆಗಳ ಪಕ್ಕದಲ್ಲಿ ಇದು ಸರಿಯಲ್ಲ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಿಕೊಳ್ಳುತ್ತದೆ. ಹಿಂದಿನ ರಾತ್ರಿ ಲಾರಿಗಳು ಬಿಟ್ಟ ಹೊಗೆ ಮೇಲೇರಲು ದಾರಿಯಿಲ್ಲದೆ ನೆಲಮಟ್ಟದಲ್ಲೇ ನಿಲ್ಲುತ್ತದೆ. ಅದು ಚದುರುವ ಮೊದಲೇ ಎಂಟರಿಂದ ಹನ್ನೊಂದರವರೆಗಿನ ಕಚೇರಿ ವೇಳೆಯ ಸಂಚಾರ ಸೇರಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲೆದ್ದು ಬೆರೆಯುವುದರಿಂದ ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆಯ ನಡುವೆ ಸಾಮಾನ್ಯವಾಗಿ ಕಣಗಳ ಪ್ರಮಾಣ ಕಡಿಮೆ. ರಸ್ತೆ ಬದಿಯ ಕಿಟಕಿಗಳನ್ನು ತೆರೆಯಬೇಕಾದದ್ದು ಆಗ. ಸಂಜೆ ಐದಕ್ಕೆ ಅವನ್ನು ಮುಚ್ಚಿ, ಹಿಂಬದಿಯ ಕಿಟಕಿಯಿಂದ ಗಾಳಿ ಬರುವಂತೆ ಮಾಡಿಕೊಳ್ಳಿ. ಮುಂಗಾರಿನಲ್ಲಿ ಮಳೆ ಗಾಳಿಯನ್ನು ತೊಳೆಯುವುದರಿಂದ ಇಷ್ಟು ಬಿಗಿ ಬೇಕಿಲ್ಲ.

ಕಿಟಕಿ ಮುಚ್ಚಿದ ಮನೆಯಲ್ಲಿ ನಾವೇ ಹುಟ್ಟಿಸುವ ಹೊಗೆ ಹೊರಗೆ ಹೋಗುವುದಿಲ್ಲ ಎಂಬುದನ್ನು ಮರೆಯಬಾರದು. ಸೊಳ್ಳೆಬತ್ತಿ, ಊದುಬತ್ತಿ, ಧೂಪ, ಮೆಣಸಿನಕಾಯಿ ಹಾಕಿದ ಒಗ್ಗರಣೆ, ಎಣ್ಣೆಯಲ್ಲಿ ಕರಿಯುವುದು ಇವೆಲ್ಲವೂ ಸೂಕ್ಷ್ಮ ಕಣಗಳ ಮೂಲಗಳೇ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅನ್ನು ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಹತ್ತು ನಿಮಿಷದ ನಂತರ ನಿಲ್ಲಿಸಿ. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ಒಣ ಪೊರಕೆಯಿಂದ ಗುಡಿಸುವುದು ನೆಲಕ್ಕಿಳಿದ ಧೂಳನ್ನು ಮತ್ತೆ ಮೂಗಿನ ಮಟ್ಟಕ್ಕೆ ಎಬ್ಬಿಸುತ್ತದೆ. ರಸ್ತೆ ಪಕ್ಕದ ಮನೆಗಳಲ್ಲಿ ನೆಲ, ಕಿಟಕಿಯ ಅಂಚು, ಫ್ಯಾನಿನ ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವ ಪದ್ಧತಿ ಇಟ್ಟುಕೊಳ್ಳಬೇಕು. ಕುಂಡದ ಗಿಡಗಳು ಮನೆಯೊಳಗಿನ ಗಾಳಿಯ ಕಣಗಳನ್ನು ಶುದ್ಧಮಾಡುತ್ತವೆ ಎಂಬ ಪ್ರಚಾರವನ್ನು ನಂಬಿ ಹಣ ಹಾಕಬೇಡಿ. ನಾಲ್ಕಾರು ಕುಂಡಗಳಿಂದ ಗಣನೀಯ ಪ್ರಯೋಜನವಿಲ್ಲ.

ಐದನೆಯ ಹೆಜ್ಜೆ: ಮಾಸ್ಕ್

ಕರವಸ್ತ್ರ, ದುಪಟ್ಟಾ, ಬಟ್ಟೆಯ ಮಾಸ್ಕ್‌ಗಳು ದಪ್ಪ ಧೂಳನ್ನು ಸ್ವಲ್ಪ ತಡೆಯುತ್ತವೆ, ಹೊಗೆಯ ಕಣಗಳನ್ನಲ್ಲ. ಅದಕ್ಕೆ ಬೇಕಾದದ್ದು ಎನ್95 ಅಥವಾ ಅದಕ್ಕೆ ಹೆಚ್ಚುಕಡಿಮೆ ಸಮನಾದ ಯುರೋಪಿನ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್. ಎನ್95 ಎಂದರೆ, ಹಿಡಿಯಲು ಅತಿ ಕಷ್ಟವಾದ ಸುಮಾರು 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ಅದರ ಬಟ್ಟೆ ಹಿಡಿಯುತ್ತದೆ ಎಂದರ್ಥ. ಅದಕ್ಕಿಂತ ಚಿಕ್ಕ ಕಣಗಳು ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದಾಡುತ್ತ ಎಳೆಗಳಿಗೆ ತಾಗಿ ಅಂಟಿಕೊಳ್ಳುವುದರಿಂದ ಇನ್ನೂ ಚೆನ್ನಾಗಿ ಸಿಕ್ಕಿಬೀಳುತ್ತವೆ. ಆದರೆ ಕೆನ್ನೆಯ ಪಕ್ಕದಲ್ಲಿ ಸಂದು ಉಳಿದರೆ ಈ ಗುಣವೆಲ್ಲ ವ್ಯರ್ಥ. ಮಾಸ್ಕ್ ಹಾಕಿ ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಿ; ಎರಡೂ ಅಂಗೈಗಳಿಂದ ಮಾಸ್ಕನ್ನು ಹಗುರವಾಗಿ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಗಾಳಿ ನುಗ್ಗಿದರೆ ಅಥವಾ ಕನ್ನಡಕ ಮಂಜಾದರೆ ಮೂಗಿನ ಬಳಿ ಸಂದು ಇದೆ. ತಲೆಯ ಹಿಂದೆ ಕಟ್ಟುವ ಪಟ್ಟಿಯ ಮಾಸ್ಕ್, ಕಿವಿಗೆ ಸಿಕ್ಕಿಸುವುದಕ್ಕಿಂತ ಬಿಗಿಯಾಗಿ ಕೂರುತ್ತದೆ. ಹೆಲ್ಮೆಟ್ ತೆಗೆದು ಹಾಕುವಾಗ ಅದು ಜರುಗಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ದಟ್ಟ ಗಡ್ಡವಿದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಉಸಿರು ಬಿಡುವ ಕವಾಟವಿರುವ ಮಾಸ್ಕ್ ಮಾಲಿನ್ಯದ ಉದ್ದೇಶಕ್ಕೆ ತೊಂದರೆಯಿಲ್ಲ. ಯಾವ ಎನ್95 ಮಾಸ್ಕೂ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ನಂತಹ ಅನಿಲಗಳನ್ನು ತಡೆಯುವುದಿಲ್ಲ. ಹೃದಯದ ಅಥವಾ ಉಸಿರಾಟದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ದೀರ್ಘಕಾಲ ಬಳಸಬೇಕು.

ಆರನೆಯ ಹೆಜ್ಜೆ: ಯಂತ್ರವನ್ನು ಲೆಕ್ಕ ಹಾಕಿ ಕೊಳ್ಳಿ

ಇಷ್ಟೆಲ್ಲ ಮಾಡಿದ ಮೇಲೂ ರಸ್ತೆ ಬದಿಯ ಕೋಣೆಯಲ್ಲೇ ಮಲಗಬೇಕಾದವರಿಗೆ, ಅದರಲ್ಲೂ ಮನೆಯಲ್ಲಿ ಹಸುಗೂಸು, ಗರ್ಭಿಣಿ, ಆಸ್ತಮಾ ರೋಗಿ ಅಥವಾ ವಯಸ್ಸಾದವರಿದ್ದರೆ, ಏರ್ ಪ್ಯೂರಿಫೈಯರ್ ಉಪಯುಕ್ತ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ‘ಹೆಪಾ’ ದರ್ಜೆಯ ಫಿಲ್ಟರ್ ಇರುವುದನ್ನೇ ಆರಿಸಿ. ಓಜೋನ್ ಉಂಟುಮಾಡುವ ಯಂತ್ರಗಳನ್ನು ಮನೆಯೊಳಗೆ ತರಬೇಡಿ, ಓಜೋನ್ ಸ್ವತಃ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಪೆಟ್ಟಿಗೆಯ ಮೇಲೆ ಬರೆದ ಚದರ ಅಡಿಯನ್ನು ನಂಬದೆ ಸಿಎಡಿಆರ್ ಎಂಬ ಅಂಕಿಯನ್ನು ನೋಡಿ. ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಆ ಗಾಳಿ ಸೋಸಬೇಕಾದರೆ 170ರಷ್ಟು ಸಿಎಡಿಆರ್ ಬೇಕು. ಆ ಅಂಕಿ ಸಾಮಾನ್ಯವಾಗಿ ಯಂತ್ರದ ಅತಿ ಹೆಚ್ಚು ವೇಗಕ್ಕೆ ಕೊಟ್ಟಿರುವುದು. ರಾತ್ರಿ ಸದ್ದು ತಾಳಲಾರದೆ ಕಡಿಮೆ ವೇಗದಲ್ಲಿಡುವುದೇ ರೂಢಿಯಾದ್ದರಿಂದ 250ಕ್ಕಿಂತ ಮೇಲಿನದನ್ನು ಕೊಳ್ಳುವುದು ವಿವೇಕ. ಫಿಲ್ಟರಿನ ಬೆಲೆ ಮತ್ತು ಅದು ಎಷ್ಟು ತಿಂಗಳು ಬಾಳುತ್ತದೆ ಎಂಬುದನ್ನು ಅಂಗಡಿಯಲ್ಲೇ ಕೇಳಿ. ರಸ್ತೆ ಪಕ್ಕದ ಮನೆಯಲ್ಲಿ ಅದು ಬೇಗ ಕಪ್ಪಾಗುತ್ತದೆ.

ಕಾರಿನಲ್ಲಿ ಹೋಗುವವರಿಗೆ ಇದೇ ತತ್ವ ಅನ್ವಯಿಸುತ್ತದೆ. ದಟ್ಟಣೆಯಲ್ಲಿ ಸಿಕ್ಕಾಗ ಕಿಟಕಿ ಏರಿಸಿ, ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವ ಸ್ಥಿತಿಗೆ ತಿರುಗಿಸಿ. ಹೆಚ್ಚು ಜನರಿದ್ದರೆ ಇಂಗಾಲದ ಡೈಆಕ್ಸೈಡ್ ಸೇರಿ ತೂಕಡಿಕೆ ಬರುವುದರಿಂದ, ರಸ್ತೆ ತೆರವಾದ ಕಡೆ ಒಂದೆರಡು ನಿಮಿಷ ಹೊರಗಿನ ಗಾಳಿ ಬಿಡಿ. ಸರ್ವಿಸ್‌ಗೆ ಬಿಟ್ಟಾಗ ಕ್ಯಾಬಿನ್ ಫಿಲ್ಟರ್ ತೆಗೆಸಿ ಕಣ್ಣಾರೆ ನೋಡಿ.

ಏಳನೆಯ ಹೆಜ್ಜೆ: ನಿಮ್ಮ ವಾಹನದ ಪಾಲು

2020ರ ಏಪ್ರಿಲ್ 1ರಿಂದ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 (ಭಾರತ್ ಸ್ಟೇಜ್ 6) ನಿಯಮದಿಂದ ಇಂಧನದ ಗಂಧಕದ ಮಿತಿ ಹತ್ತು ಲಕ್ಷ ಪಾಲಿಗೆ 50 ಪಾಲಿನಿಂದ (ಪಿಪಿಎಂ) 10ಕ್ಕೆ ಇಳಿಯಿತು ಮತ್ತು ಹೊಸ ಡೀಸೆಲ್ ಕಾರುಗಳಿಗೆ ಕಣಗಳನ್ನು ಹಿಡಿಯುವ ಫಿಲ್ಟರ್ ಬಂತು. ಆ ಫಿಲ್ಟರ್ ಕಟ್ಟಿಕೊಂಡಿತೆಂದು ಗ್ಯಾರೇಜಿನಲ್ಲಿ ಅದನ್ನು ತೆಗೆಸಿಹಾಕುವುದು ನಿಮ್ಮ ಬೀದಿಯವರ ಮೇಲೆ ಮಾಡುವ ಅನ್ಯಾಯ. ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಆಗಾಗ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕಾಗುತ್ತದೆ. ನಗರದೊಳಗೆ ದಿನಕ್ಕೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರು ಡೀಸೆಲ್ ಕಾರು ಕೊಳ್ಳದಿರುವುದೇ ಒಳ್ಳೆಯದು. ಎಮಿಷನ್ ಟೆಸ್ಟ್ ಪ್ರಮಾಣಪತ್ರವನ್ನು ಅವಧಿ ಮೀರುವ ಮೊದಲೇ ಮಾಡಿಸಿ, ಆದರೆ ಅದೇ ಸಾಕೆಂದು ತಿಳಿಯಬೇಡಿ: ಪೆಟ್ರೋಲ್ ವಾಹನಗಳಿಗೆ ಆ ಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತಾರೆ, ಕಣಗಳನ್ನಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆ ಬರುತ್ತಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಎರಡನ್ನೂ ಮೆಕ್ಯಾನಿಕ್‌ಗೆ ಬಿಡಿಸಿ ಹೇಳಿ. ಸಿಗ್ನಲ್‌ನಲ್ಲಿ ಎಂಜಿನ್ ಆರಿಸಿ, ಟಯರಿನ ಗಾಳಿ ಸರಿಯಾಗಿಡಿ, ಮುಂದಿನ ಕೆಂಪು ದೀಪವನ್ನು ದೂರದಿಂದಲೇ ಕಂಡು ನಿಧಾನಿಸಿ ಬ್ರೇಕ್ ಬಳಕೆ ತಗ್ಗಿಸಿ. ಕೊನೆಯ ಎರಡು ಎಲೆಕ್ಟ್ರಿಕ್ ವಾಹನದವರಿಗೂ ಸಲ್ಲುವ ಮಾತು: ಅದಕ್ಕೆ ಹೊಗೆ ಇಲ್ಲದಿದ್ದರೂ ಟಯರ್ ಸವೆತ ಇದ್ದೇ ಇದೆ.

ಎಂಟನೆಯ ಹೆಜ್ಜೆ: ಬೀದಿಯವರು ಸೇರಿ ದೂರು ಕೊಡಿ

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ ಸೇರಿವೆ. ಈ ನಗರಗಳ ಆಡಳಿತ ಗಾಳಿಯನ್ನು ಸುಧಾರಿಸುವ ಹೊಣೆ ಹೊತ್ತಿದೆ, ಆದ್ದರಿಂದ ನಿಮ್ಮ ದೂರಿನಲ್ಲಿ ಇದನ್ನು ಉಲ್ಲೇಖಿಸಿ. ‘ಮಾಲಿನ್ಯ ಜಾಸ್ತಿಯಾಗಿದೆ’ ಎಂದು ಬರೆದ ಅರ್ಜಿಗೆ ಯಾವ ಎಂಜಿನಿಯರೂ ಏನೂ ಮಾಡಲಾರರು. ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆಯವರೆಗೆ ರಸ್ತೆಯಂಚಿನ ಮಣ್ಣು ಎಷ್ಟು ಅಗಲಕ್ಕೆ ಹರಡಿದೆ, ಯಾವ ಕೇಬಲ್ ಗುಂಡಿಯನ್ನು ಅಗೆದು ಡಾಂಬರು ಹಾಕದೆ ಬಿಟ್ಟಿದ್ದಾರೆ, ಯಾವ ಕಟ್ಟಡದ ಜಲ್ಲಿ–ಎಂ ಸ್ಯಾಂಡ್ ಮೇಲೆ ಟಾರ್ಪಾಲು ಹೊದಿಸಿಲ್ಲ, ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಕಸಕ್ಕೆ ಬೆಂಕಿ ಹಚ್ಚುತ್ತಾರೆ ಎಂಬುದನ್ನು ದಿನಾಂಕವಿರುವ ಫೋಟೋಗಳೊಂದಿಗೆ ಬರೆಯಿರಿ. ಮಣ್ಣು ಮತ್ತು ಗುಂಡಿಗೆ ನಗರ ಪಾಲಿಕೆಯ ವಾರ್ಡ್ ಎಂಜಿನಿಯರ್, ಹೊಗೆ ಉಗುಳುವ ವಾಹನಕ್ಕೆ ಸಾರಿಗೆ ಇಲಾಖೆ, ಕಾರ್ಖಾನೆ ಮತ್ತು ಜನರೇಟರ್ ಹೊಗೆಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಇವು ಬೇರೆಬೇರೆ ಅರ್ಜಿಗಳಾಗಿರಲಿ. ಶಾಲೆಯ ಗೇಟಿನ ಮುಂದೆ ವ್ಯಾನುಗಳು ಎಂಜಿನ್ ಚಾಲೂ ಇಟ್ಟು ನಿಲ್ಲುತ್ತಿದ್ದರೆ ಅರ್ಜಿಗಿಂತ ಮುಖ್ಯೋಪಾಧ್ಯಾಯರ ಬಳಿ ನಾಲ್ಕು ಪೋಷಕರು ಒಟ್ಟಿಗೆ ಹೋಗಿ ಕೇಳುವುದು ಬೇಗ ಫಲ ಕೊಡುತ್ತದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮೂವತ್ತು ದಿನ ಕಳೆದರೂ ಕೆಲಸವಾಗದಿದ್ದರೆ ಅದೇ ಸಂಖ್ಯೆಯನ್ನು ಉಲ್ಲೇಖಿಸಿ, ಹೊಸ ಫೋಟೋ ಸೇರಿಸಿ ಮೇಲಧಿಕಾರಿಗೆ ಕಳುಹಿಸಿ.